ದೇವರನ್ನು ನಂಬದವನಿಗೆ ದೇವರ ವಾದ ಕೇಳುವ ಹುಚ್ಚು: ನಿಮಗೂ ಇದೆಯೇ?

ಸಿಂಧನೂರಿನಿಂದ ಪ್ರಶ್ನೆ:
ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೂ ಒಂದು ವರ್ಷದಿಂದ ಲಂಡನ್ನಿನ ಕ್ರೈಸ್ತ ರೇಡಿಯೊ ಒಂದರ ಹಳೆಯ ಚರ್ಚೆಗಳನ್ನು ಮೊಬೈಲಿನಲ್ಲಿ ಬಿಡದೆ ಕೇಳುತ್ತಿದ್ದೇನೆ. ನಂಬುವವರೊಬ್ಬರು, ನಂಬದವರೊಬ್ಬರು, ನಡುವೆ ನಿರೂಪಕ. ಮತ ಬದಲಿಸುತ್ತೀಯಾ ಎಂದು ಗೆಳೆಯರು ಕೇಳುತ್ತಾರೆ, ಹೆಂಡತಿ ನಗುತ್ತಾಳೆ. ಕೇಳುತ್ತ ಕೇಳುತ್ತ ಮನಸ್ಸಿನಲ್ಲೇ ಜಗಳಕ್ಕೆ ನಿಲ್ಲುತ್ತೇನೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಇಂಥವರು ಇನ್ನೂ ಇದ್ದೀರಾ? ಏನು ಮಾಡುತ್ತೀರಿ?

ಬಳ್ಳಾರಿಯಿಂದ:
ಇದ್ದೇನೆ. ನೀವು ಹೇಳುತ್ತಿರುವುದು ‘ಅನ್‌ಬಿಲೀವಬಲ್?’ ಇರಬೇಕು. ಪ್ರೀಮಿಯರ್ ಕ್ರಿಶ್ಚಿಯನ್ ರೇಡಿಯೊದಲ್ಲಿ 2005ರಲ್ಲಿ ಜಸ್ಟಿನ್ ಬ್ರೈರ್ಲಿ ಆರಂಭಿಸಿದ್ದು. 2023ರಲ್ಲಿ ಅವರು ಅಲ್ಲಿಂದ ಹೊರಬಂದರು. ನಾನು ತೋರಣಗಲ್ಲಿಗೆ ಹೋಗುವ ಶಿಫ್ಟ್ ಬಸ್ಸಿನಲ್ಲಿ ಕೇಳುತ್ತೇನೆ. ಕಿಟಕಿಯಾಚೆ ಅದಿರಿನ ಲಾರಿಗಳ ಕೆಂಪು ಧೂಳು, ಕಿವಿಯಲ್ಲಿ ಯೇಸುವಿನ ಸಮಾಧಿ ಖಾಲಿಯಿತ್ತೋ ಇಲ್ಲವೋ ಎಂಬ ತಕರಾರು.

ಮೊದಮೊದಲು ಪಾದ್ರಿ ಎಲ್ಲಿ ಜಾರುತ್ತಾರೆ ಎಂದು ಹೊಂಚು ಹಾಕಿ ಕೂಡುತ್ತಿದ್ದೆ. ಒಂದು ದಿನ ನಮ್ಮವರೇ ಜಾರಿದರು. ದೇವರಿಲ್ಲದ ಮೇಲೆ ‘ಕೊಲೆ ತಪ್ಪು’ ಎನ್ನುವುದಕ್ಕೂ ‘ನನಗೆ ಬದನೆಕಾಯಿ ಸೇರುವುದಿಲ್ಲ’ ಎನ್ನುವುದಕ್ಕೂ ಏನು ವ್ಯತ್ಯಾಸ, ಎನ್ನುವ ಧಾಟಿಯ ಪ್ರಶ್ನೆ (ಬದನೆಕಾಯಿ ನಾನು ಸೇರಿಸಿದ್ದು). ಎರಡು ಕ್ಷಣ ಸದ್ದಿಲ್ಲ. ಆಮೇಲೆ ಒಂದು ಪೆಚ್ಚು ನಗು. ಟೀವಿಯಲ್ಲಾಗಿದ್ದರೆ ಅಷ್ಟರಲ್ಲಿ ಕ್ಯಾಮರಾ ಬೇರೆ ಕಡೆ ತಿರುಗಿರುತ್ತಿತ್ತು. ಅಂದು ಶಿಫ್ಟ್ ಪೂರ್ತಿ ಉತ್ತರ ಹುಡುಕಿದೆ. ಊಟದ ಹೊತ್ತಿಗೆ ಅರ್ಧ ಸಿಕ್ಕಿತು, ಉಳಿದರ್ಧ ಇಂದಿಗೂ ಬಾಕಿ. ಆ ಬಾಕಿಗಾಗಿಯೇ ನಾನು ಕೇಳುವುದು.

ಇನ್ನೊಂದು ಮಾತು. ನಮ್ಮಲ್ಲಿ ಎದುರಿನವರು ಬಾಯಿ ತೆರೆಯುವ ಮೊದಲೇ ಹಣೆ ನೋಡುತ್ತೇವೆ: ವಿಭೂತಿಯೋ, ನಾಮವೋ, ಬರಿದೋ. ರೇಡಿಯೊದಲ್ಲಿ ಹಣೆ ಕಾಣುವುದಿಲ್ಲ.

1948ರ ಜನವರಿಯಲ್ಲಿ ಬಿಬಿಸಿಯಲ್ಲಿ ನಡೆದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಜೆಸ್ಯುಯಿಟ್ ಪಾದ್ರಿ ಕೋಪಲ್‌ಸ್ಟನ್ ಅವರ ಚರ್ಚೆಯನ್ನೂ ಹುಡುಕಿ ಓದಿ. ಇಡೀ ಜಗತ್ತಿಗೊಂದು ಕಾರಣ ಇರಲೇಬೇಕೇ ಎಂಬುದು ಅಲ್ಲಿನ ಒಂದು ತಕರಾರು. ಪ್ರತಿ ಮನುಷ್ಯನಿಗೂ ತಾಯಿ ಇರುತ್ತಾಳೆ, ಹಾಗೆಂದು ಮನುಕುಲಕ್ಕೇ ಒಬ್ಬ ತಾಯಿ ಇರಬೇಕೇ ಎಂಬುದು ರಸೆಲ್ ಅವರ ಪಟ್ಟು. ನಾನು ಹೇಳುವ ಕಾರಣ ಲೋಕದ ಕಾರಣಗಳ ಸಾಲಿನಲ್ಲಿ ಇನ್ನೊಂದಲ್ಲ, ಆ ಸಾಲಿನಾಚೆಗಿನದು ಎಂಬುದು ಪಾದ್ರಿಯ ಪಟ್ಟು. ಇಬ್ಬರೂ ದನಿ ಏರಿಸುವುದಿಲ್ಲ.

ಗಂಗಾವತಿಯಿಂದ:
ನಾನು ಬಿಟ್ಟೆ. ಆಕಾಶವಾಣಿಯ ಬೆಳಗಿನ ‘ಚಿಂತನ’ ಕೇಳಿ ಬೆಳೆದವನು. ಅಲ್ಲಿ ಎದುರು ಪ್ರಶ್ನೆ ಇರುವುದಿಲ್ಲವಲ್ಲ, ಹಾಗಾಗಿ ಈ ಚರ್ಚೆಗಳು ಆರಂಭದಲ್ಲಿ ಹಬ್ಬದಂತಿದ್ದವು. ಎರಡು ವರ್ಷವಾದ ಮೇಲೆ ಅದೇ ನಾಲ್ಕೈದು ವಾದಗಳು ಸುತ್ತಿ ಸುತ್ತಿ ಬಂದವು. ಈಗ ಹಳೆಯ ಚಿತ್ರಗೀತೆ ಕೇಳುತ್ತೇನೆ.

ರಾಯಚೂರಿನಿಂದ, ನಿವೃತ್ತ ಶಿಕ್ಷಕ:
ನಾನು ನಂಬುವವನು, ಮಾಧ್ವರ ಮನೆಯವನು. ನಿಮ್ಮ ನಿದ್ದೆಗೆ ಮದ್ದು ನ್ಯಾಯಶಾಸ್ತ್ರದಲ್ಲಿದೆ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ. ಅಲ್ಲಿ ಚರ್ಚೆ ಮೂರು ಬಗೆ. ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಮುಂದಿಡದೆ ಬರೀ ಕೆಡವುವುದು ವಿತಂಡ. (ಟೀವಿ ಚಾನೆಲ್ಲಿನಲ್ಲಿ ಜ್ಯೋತಿಷಿಯನ್ನೂ ವಿಚಾರವಾದಿಯನ್ನೂ ಕೂರಿಸಿ ಕೂಗಿಸುವುದು ಯಾವುದೆಂದು ನೀವೇ ಹೇಳಿ.) ನೀವು ಕೇಳುತ್ತಿರುವುದು ವಾದ, ಒಳಗೊಳಗೇ ನಡೆಸುತ್ತಿರುವುದು ಜಲ್ಪ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಉತ್ತರ ಬರೆಯಬೇಡಿ, ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು ಬರೆಯಿರಿ. ಅದನ್ನು ಓದಿದ ಪಾದ್ರಿ ‘ಹೌದು, ನಾನು ಹೇಳಿದ್ದು ಇದೇ’ ಎಂದು ತಲೆದೂಗುವಂತಿರಬೇಕು. ಎದುರಾಳಿಯ ಮಾತನ್ನು ಸಪ್ಪೆ ಮಾಡಿ ಗೆದ್ದವನನ್ನು ನಮ್ಮ ಅಜ್ಜ ಗೆದ್ದವನೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬರೆದಾದ ಮೇಲೆ ಮಲಗಿ.

ಕುಷ್ಟಗಿಯಿಂದ:
ತಮ್ಮಾ, ಹರದೇಶಿ-ನಾಗೇಶಿ ಕೇಳಿಲ್ಲವೇ? ಜಾತ್ರೆಯಲ್ಲಿ ಎರಡು ಮೇಳ ಎದುರುಬದುರು ನಿಂತು, ಒಂದು ಶಿವನೇ ದೊಡ್ಡವನು ಎಂದರೆ ಇನ್ನೊಂದು ಶಕ್ತಿಯೇ ದೊಡ್ಡವಳು ಎಂದು ದಪ್ಪು ಬಡಿದು ಬೆಳಗಾಗುವವರೆಗೆ ಸವಾಲು-ಜವಾಬು ಹಾಡುತ್ತಿದ್ದರು. ಅಪ್ಪ ದೇವರಿಗೆ ಕೈ ಮುಗಿದವರಲ್ಲ, ಆದರೆ ಮೊದಲ ಸಾಲಿನಲ್ಲಿ ಕಂಬಳಿ ಹಾಸಿ ಕೂಡುತ್ತಿದ್ದರು. ಊರಿನಲ್ಲಿ ಯಾರೂ ಅವರನ್ನು ಏಕೆಂದು ಕೇಳಲಿಲ್ಲ.

ಕಿವಿಗೆ ಹಾಕಿಕೊಂಡು ಒಬ್ಬರೇ ಕೇಳುವುದೇ ನಿಮ್ಮ ತೊಂದರೆ ಎಂದು ನನಗೆ ಅನಿಸುತ್ತದೆ. ನಮ್ಮ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಇಂಥ ಚರ್ಚೆಗಳನ್ನು ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ, ನಾನು ರೊಟ್ಟಿ ಬಡಿಯುತ್ತ ದೇವರ ಪಕ್ಷ ಹಿಡಿಯುತ್ತೇನೆ. ಮರುದಿನ ಪಕ್ಷ ಬದಲು. ನಿಮ್ಮ ಮನೆಯವರಿಗೂ ಕೇಳಿಸಿ.

ಸಿಂಧನೂರಿನಿಂದ ಮತ್ತೆ:
ನಿನ್ನೆ ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲಿ ಹಾಕಿದೆ. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸೊಪ್ಪು ಸೋಸುತ್ತ ಹತ್ತು ನಿಮಿಷ ಸುಮ್ಮನೆ ಕೇಳಿ, “ಆ ಎರಡನೆಯವರು ಉತ್ತರ ಕೊಡಲಿಲ್ಲ, ಮಾತು ಹೊರಳಿಸಿದರು” ಎಂದಳು. ಹಿಂದಕ್ಕೆ ಹೋಗಿ ಕೇಳಿದೆ. ನಿಜ. ಎರಡನೆಯವರು ನನ್ನ ಪಕ್ಷದವರು.