ಹಲ್ಲು ಕೀಳಿಸಿದ ರಾತ್ರಿ ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ತುಮಕೂರಿನಿಂದ ಪ್ರಶ್ನೆ

ಅಮ್ಮನಿಗೆ ಇವತ್ತು ಸಂಜೆ ಕೆಳಗಿನ ದವಡೆ ಹಲ್ಲು ಕೀಳಿಸಿಕೊಂಡು ಬಂದೆವು. ಅರವತ್ತು ದಾಟಿದೆ, ಶುಗರ್ ಇದೆ, ಹೃದಯಕ್ಕೆ ಅಂತ ದಿನಾ ಎಕೋಸ್ಪ್ರಿನ್ (ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ಳುತ್ತಾರೆ. ಡಾಕ್ಟರಿಗೆ ಎಲ್ಲ ಹೇಳಿದ್ದೇವೆ. ಮನೆಗೆ ಬಂದ ಮೇಲೆ ಒಬ್ಬೊಬ್ಬರದು ಒಂದೊಂದು ಮಾತು. ದೊಡ್ಡಮ್ಮ ಲವಂಗದ ಎಣ್ಣೆ ಇಡು ಅನ್ನುತ್ತಾರೆ. ಪಕ್ಕದ ಮನೆಯವರು ಈಗಲೇ ಬಿಸಿ ಉಪ್ಪುನೀರು ಮುಕ್ಕಳಿಸಲಿ ಅನ್ನುತ್ತಾರೆ. ಅಮ್ಮ ಉಗುಳುತ್ತಲೇ ಇದ್ದಾರೆ, ಎಲ್ಲ ಕೆಂಪು. ಯಾರ ಮಾತು ಕೇಳಲಿ?

ಶಿವಮೊಗ್ಗದಿಂದ

ಮೊದಲು ಅಮ್ಮ ಉಗುಳುವುದನ್ನು ನಿಲ್ಲಿಸಲಿ. ಉಳಿದದ್ದು ಆಮೇಲೆ.

ನಾನು ಹಲ್ಲಿನ ಕ್ಲಿನಿಕ್‌ನಲ್ಲಿ ಡಾಕ್ಟರಿಗೆ ಸಹಾಯಕಿ. ರಾತ್ರಿ "ರಕ್ತ ನಿಲ್ತಾ ಇಲ್ಲ" ಅಂತ ಫೋನ್ ಮಾಡುವ ಬಹಳ ಜನ ಅಷ್ಟು ಹೊತ್ತೂ ವಾಶ್ ಬೇಸಿನ್ ಮುಂದೆಯೇ ನಿಂತಿರುತ್ತಾರೆ. ಹಲ್ಲು ಹೋದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಮೊಣಕಾಲು ತರಚಿದಾಗ ಹಕ್ಕಳೆ ಕಟ್ಟುತ್ತದಲ್ಲ, ಇದೂ ಹಾಗೇ. ಒಳಗಿನ ಮೂಳೆಯನ್ನು ಮುಚ್ಚಿ ಕಾಯುವುದು ಅದೇ. ಉಗುಳಿದರೆ, ಸ್ಟ್ರಾದಲ್ಲಿ ಹೀರಿದರೆ, ಜೋರಾಗಿ ಮುಕ್ಕಳಿಸಿದರೆ ಕಿತ್ತು ಬರುತ್ತದೆ. ಹಾಗಾಗಿ ಇವತ್ತು ಆ ಹೆಪ್ಪನ್ನು ಅದರ ಪಾಡಿಗೆ ಬಿಡಬೇಕು. ನಾಲಗೆ ಕೂಡ ಆ ಕಡೆ ಹೋಗಬಾರದು. ಎಂಜಲು ನುಂಗಿಬಿಡಲಿ. ಒಂದೆರಡು ಹನಿ ರಕ್ತ ಎಂಜಲಿಗೆ ಬೆರೆತರೂ ಬಾಯಿ ತುಂಬ ರಕ್ತ ಅನ್ನಿಸುತ್ತದೆ, ಹೆದರಬೇಡಿ.

ನಿಜವಾಗಿಯೂ ಒಸರುತ್ತಿದ್ದರೆ ಸ್ವಚ್ಛವಾದ ಗಾಜ್ ಬಟ್ಟೆ ಮಡಚಿ, ನೀರಲ್ಲಿ ಅದ್ದಿ ಹಿಂಡಿ, ಸರಿಯಾಗಿ ಕುಳಿಯ ಮೇಲೇ ಇಟ್ಟು ಕಚ್ಚಿಸಿ. ಅರ್ಧ ಗಂಟೆ. ನಡುವೆ ತೆಗೆದು ನೋಡಬೇಡಿ, ಅಮ್ಮನನ್ನು ಮಾತಾಡಿಸಲೂ ಬೇಡಿ. ಒಣ ಹತ್ತಿ ಇಟ್ಟರೆ ಎಳೆ ಹೆಪ್ಪಿಗೆ ಅಂಟಿಕೊಂಡು, ತೆಗೆಯುವಾಗ ಅದನ್ನೂ ಎಳೆದುಕೊಂಡು ಬರುತ್ತದೆ. ಗಾಜ್ ಇಲ್ಲವಾ? ಟೀ ಬ್ಯಾಗ್ ಒದ್ದೆ ಮಾಡಿ ಕಚ್ಚಿಸಿ, ಟೀಯ ಒಗರು ರಕ್ತ ಕಟ್ಟಲು ಸಹಾಯ ಮಾಡುತ್ತದೆ. ಎರಡು ಸಲ ಕಚ್ಚಿಸಿದರೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಎಕೋಸ್ಪ್ರಿನ್ ತಗೊಳ್ಳುವವರಲ್ಲಿ ತಡ ಮಾಡಬಾರದು. ಹಾಗಂತ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವಸಡಿನ ರಕ್ತ ಒತ್ತಿ ಹಿಡಿದರೆ ನಿಲ್ಲುತ್ತದೆ. ಹೃದಯದ ತೊಂದರೆ ಹಾಗಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಇನ್ನೊಂದು ನೋವಿನ ಮಾತ್ರೆ ಸೇರಿಸುವುದೂ ಬೇಡ, ಬರೆದುಕೊಟ್ಟದ್ದು ಸಾಕು.

ಉಪ್ಪುನೀರು ಒಳ್ಳೆಯದೇ, ಆದರೆ ನಾಳೆ ಸಂಜೆಯಿಂದ. 24 ಗಂಟೆ ಕಳೆಯಲಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಲ್ಲಿ ಹಿಡಿದು, ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ನೀರು ತಾನಾಗಿ ಬೀಳಲು ಬಿಡಬೇಕು. ಊಟ ಆದಾಗಲೆಲ್ಲ ಮಾಡಿದರೆ ಒಳ್ಳೆಯದು. ಲವಂಗದ ಎಣ್ಣೆ ಹಸಿ ಗಾಯವನ್ನು ಸುಡುತ್ತದೆ, ದೊಡ್ಡಮ್ಮನಿಗೆ ಹೇಗಾದರೂ ಒಪ್ಪಿಸಿ. ಅರಿಶಿನ ತುಂಬುವುದೂ ಬೇಡ.

ಇವತ್ತು ಕೆನ್ನೆಯ ಹೊರಗಿನಿಂದ ಐಸ್ ಇಡಿ, ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷ ಇಟ್ಟು ಅಷ್ಟೇ ಹೊತ್ತು ಬಿಟ್ಟು. ಮಲಗುವಾಗ ತಲೆಗೆ ಎರಡು ದಿಂಬು. ಹಳೆಯ ದಿಂಬಿನ ಕವರ್ ಹಾಕಿ, ಬೆಳಗ್ಗೆ ಕಲೆ ಇರುತ್ತದೆ.

ಮೈಸೂರಿನಿಂದ

ಊಟದ ವಿಷಯ ನಾನು ಹೇಳುತ್ತೇನೆ. ಶುಗರ್ ಇರುವವರು ನೋವು ಅಂತ ಉಪವಾಸ ಮಲಗಬಾರದು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ಬಿಟ್ಟರೆ ಶುಗರ್ ಇಳಿದುಹೋಗಬಹುದು. ತುಟಿಯ ಜೋಮು ಇಳಿದ ಮೇಲೆ ಕೊಡಿ. ಅದಕ್ಕೂ ಮೊದಲು ಅಗಿದರೆ ಕೆನ್ನೆ ಕಚ್ಚಿಕೊಂಡದ್ದೂ ಗೊತ್ತಾಗುವುದಿಲ್ಲ.

ತಣಿದ ಗಂಜಿ, ರಾಗಿ ಅಂಬಲಿ, ಹಾಲಿನಲ್ಲಿ ಕಿವುಚಿದ ಇಡ್ಲಿ, ಮೆತ್ತಗೆ ಕಲಸಿದ ಮೊಸರನ್ನ. ಬಿಸಿ ಬಿಸಿ ಕಾಫಿ ಮೊದಲ ದಿನ ಬೇಡ, ಆರಿಸಿ ಕೊಡಿ. ಉಪ್ಪಿಟ್ಟು, ಮಂಡಕ್ಕಿ, ಎಳ್ಳು ಬಿದ್ದದ್ದು ಯಾವುದೂ ಒಂದು ವಾರ ಬೇಡ. ಇನ್ನೊಂದು, ಮೊಸರನ್ನಕ್ಕೆ ಒಗ್ಗರಣೆ ಹಾಕಲೇಬೇಡಿ! ನಮ್ಮ ಮಾವನ ಕುಳಿಯೊಳಗೆ ಒಂದು ಸಾಸಿವೆ ಕಾಳು ಹೋಗಿ ಕೂತಿತ್ತು. ಅವರು ಕಡ್ಡಿ ತಗೊಂಡು ಕನ್ನಡಿ ಮುಂದೆ ನಿಂತಿದ್ದರು, ಕೈಯಿಂದ ಕಿತ್ತುಕೊಂಡೆವು. ಕ್ಲಿನಿಕ್‌ನಲ್ಲಿ ಸಿರಿಂಜಿನಿಂದ ನೀರು ಹಾಯಿಸಿ ತೆಗೆದರು.

ಹುಬ್ಬಳ್ಳಿಯಿಂದ

ಬೀಡಿ ಸಿಗರೇಟು ಸೇದುವವರು ಮನೆಯಲ್ಲಿದ್ದರೆ ಅವರಿಗೂ ಇದನ್ನು ಓದಿಸಿ. ನಮ್ಮ ಮನೆಯವರು ಬುದ್ಧಿ ಹಲ್ಲು ತೆಗೆಸಿದ ಮರುದಿನವೇ ಸೇದಿದರು. ಎರಡು ದಿನ ಆರಾಮಾಗಿಯೇ ಇದ್ದರು. ಮೂರನೇ ದಿನ ನೋವು ಶುರುವಾಯಿತು ನೋಡಿ, ಕಿವಿಯವರೆಗೆ. ಮಾತ್ರೆಗೆ ಬಗ್ಗಲಿಲ್ಲ. ಬಾಯಿ ವಾಸನೆ ಬೇರೆ. ಟಾರ್ಚ್ ಬಿಟ್ಟು ನೋಡಿದರೆ ಕುಳಿ ಖಾಲಿ, ಒಳಗೆ ಬೂದು ಬಣ್ಣದ ಮೂಳೆ. ಡ್ರೈ ಸಾಕೆಟ್ ಅಂದರು, ಅಂದರೆ ಹೆಪ್ಪು ಹೋಗಿ ಮೂಳೆ ಬರಿದಾಗುವುದು. ತೊಳೆದು, ಲವಂಗದ ಎಣ್ಣೆಯ ಅಂಶ ಇರುವ ಔಷಧಿ ಒಳಗಿಟ್ಟರು, ಅವತ್ತೇ ನೋವು ತಗ್ಗಿತು. ದೊಡ್ಡಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ ಬಿಡಿ. ಆದರೆ ಅದನ್ನು ಇಡಬೇಕಾದವರು ಡಾಕ್ಟರು.

ನೋವು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಾ ಹೋಗಬೇಕು. ಕಡಿಮೆಯಾಗಿ ಮತ್ತೆ ಜಾಸ್ತಿ ಆದರೆ ಸುಮ್ನೆ ಕೂರಬೇಡಿ.

ತುಮಕೂರಿನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ರಕ್ತ ಅವತ್ತು ರಾತ್ರಿಯೇ ನಿಂತಿತು. ಈಗ ಕುಳಿಯ ಮೇಲೆ ಬೆಳ್ಳಗೆ ಪದರ ಕಾಣುತ್ತಿದೆ, ಕೀವಾ? ಕೆನ್ನೆ ಮೊದಲ ದಿನಕ್ಕಿಂತ ಜಾಸ್ತಿ ಊದಿದೆ. ಅಮ್ಮ ಮಾತ್ರ ಎಲೆ ಅಡಿಕೆ ಯಾವಾಗ ಅಂತ ಕೇಳುತ್ತಿದ್ದಾರೆ.

ಶಿವಮೊಗ್ಗದಿಂದ

ಬೆಳ್ಳಗಿನ ತೆಳು ಪದರ ಗಾಯ ಮಾಯುವಾಗ ಬರುವಂಥದ್ದೇ. ಕೆರೆಯಬೇಡಿ, ಬ್ರಷ್ ಅಲ್ಲಿಗೆ ಬೇಡ. ಉಳಿದ ಹಲ್ಲು ಮೆತ್ತಗೆ ಉಜ್ಜಲಿ. ಊತ ಎರಡು ಮೂರನೇ ದಿನಕ್ಕೆ ಏರಿ ಆಮೇಲೆ ಇಳಿಯುತ್ತದೆ. ಈಗ ಐಸ್ ಬೇಡ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡಿ. ಜ್ವರ, ಕೀವು, ಏರುತ್ತಲೇ ಹೋಗುವ ಊತ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಊತ ಕುತ್ತಿಗೆಗೆ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ದೊಡ್ಡ ಆಸ್ಪತ್ರೆಗೇ ಹೋಗಿ. ಶುಗರ್ ಜಾಸ್ತಿ ಇದ್ದರೆ ಗಾಯ ನಿಧಾನ, ಮನೆಯಲ್ಲಿ ಮೀಟರ್ ಇದ್ದರೆ ನೋಡುತ್ತಿರಿ.

ಎಲೆ ಅಡಿಕೆ ವಸಡು ಕೂಡುವವರೆಗಂತೂ ಬೇಡ, ಎರಡು ವಾರ ಅಂದುಕೊಳ್ಳಿ. ಅಡಿಕೆ ಚೂರು ಚುಚ್ಚುತ್ತದೆ, ಸುಣ್ಣ ಸುಡುತ್ತದೆ. ಜೊತೆಗೆ ಹೊಗೆಸೊಪ್ಪು ಹಾಕುತ್ತಿದ್ದರೆ ಇದೇ ನೆಪದಲ್ಲಿ ಬಿಡಿಸಿ. ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ. ಅಡಿಕೆ ಸೀಮೆಯವಳಾಗಿ ನಾನೇ ಹೀಗೆ ಹೇಳಿದರೆ ನಮ್ಮೂರಲ್ಲಿ ಬೈಸಿಕೊಳ್ಳುತ್ತೇನೆ, ಇರಲಿ.

ಹೊಲಿಗೆ ಹಾಕಿದ್ದಾರಾ? ಕರಗುವ ದಾರವಾ, ತೆಗೆಸಬೇಕಾ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ರೇಷ್ಮೆ ದಾರವಾದರೆ ಸಾಮಾನ್ಯವಾಗಿ ಒಂದು ವಾರಕ್ಕೆ ತೆಗೆಯುತ್ತಾರೆ.