ಲಾರಿ ಎಂಜಿನ್ ಬಿಸಿಯೇ ಆಗ್ತಿಲ್ಲ, ಮುಳ್ಳು ಕಾಲು ಭಾಗ ದಾಟಲ್ಲ: ಅನುಭವ ಇದ್ದವರು ಹೇಳಿ

ಕೇಳಿದವರು: ದಾವಣಗೆರೆ ಕಡೆಯ ಲಾರಿ ಮಾಲೀಕರು

ಎಲ್ಲರಿಗೂ ನಮಸ್ಕಾರ. ನಮ್ಮದು ಹತ್ತು ಚಕ್ರದ ಬಿಎಸ್6 ಗಾಡಿ. ಇಲ್ಲಿಂದ ಮಂಗಳೂರಿಗೆ ಮೆಕ್ಕೆಜೋಳ, ಬರುವಾಗ ಪಣಂಬೂರಿನಿಂದ ಗೊಬ್ಬರ. ಮೊದಲೆಲ್ಲ ಟೆಂಪರೇಚರ್ ಮುಳ್ಳು ನಡುವಿಗೆ ಬಂದು ನಿಂತರೆ ಅಲ್ಲಾಡ್ತಿರಲಿಲ್ಲ. ಈಗ ಬಯಲು ರಸ್ತೆಯಲ್ಲಿ ಕಾಲು ಭಾಗ ದಾಟಲ್ಲ, ಶಿರಾಡಿ ಇಳಿಯುವಾಗ ಪೂರ್ತಿ ಕೆಳಗೆ ಬೀಳುತ್ತೆ. ಅದೇ ಗೊಬ್ಬರದ ಲೋಡಲ್ಲಿ ಘಾಟಿ ಹತ್ತುವಾಗ ನಡು ದಾಟಿ ಮೇಲೆ ಹೋಗುತ್ತೆ. ಆವರೇಜ್ ಬಿದ್ದಿದೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಪದೇ ಪದೇ ಬರ್ತಿದೆ. ಬೇಸಿಗೆಯಲ್ಲಿ ಗಾಡಿ ಹೀಟ್ ಆಗಿ ದಾರಿ ಬದಿಯ ಒಂದು ಗ್ಯಾರೇಜಲ್ಲಿ ಕೆಲಸ ಮಾಡಿಸಿದ್ವಿ, ಅಲ್ಲಿಂದ ಈಚೆಗೆ ಹೀಗೆ. "ಹೀಟ್ ಆಗೋದಕ್ಕಿಂತ ತಣ್ಣಗಿರೋದು ಒಳ್ಳೇದಲ್ವಾ ಅಣ್ಣ" ಅಂತಾನೆ ಡ್ರೈವರ್. ನನಗೆ ಸಮಾಧಾನ ಇಲ್ಲ. ಎಲ್ಲಿಂದ ನೋಡೋಕೆ ಶುರು ಮಾಡಲಿ?

ಹುಬ್ಬಳ್ಳಿ ಕಡೆಯ ಡೀಸೆಲ್ ಮೇಸ್ತ್ರಿ

ನಿಮಗ ಸಮಾಧಾನ ಇಲ್ಲದ್ದು ಚಲೋನ ಆತು ಅಣ್ಣಾರ. ಯಾವುದನ್ನೂ ಬಿಚ್ಚೂಕಿಂತ ಮೊದಲ ಒಂದು ಗೊತ್ತು ಮಾಡ್ಕೋರಿ: ಎಂಜಿನ್ ಖರೇನ ತಣ್ಣಗ ಐತೋ, ಇಲ್ಲಾ ಮುಳ್ಳು ಸುಳ್ಳು ಹೇಳಾಕತ್ತೈತೋ? ಎರಡಕ್ಕೂ ಕೆಲಸ ಬ್ಯಾರೆ.

ರಾತ್ರಿ ನಿಂತು ಪೂರ್ತಿ ಆರಿದ ಗಾಡ್ಯಾಗ ಮುಂಜಾನೆ ಕೂಲೆಂಟ್ ಲೆವೆಲ್ ನೋಡ್ರಿ. ಇದನ್ನ ಯಾಕ ಮೊದಲ ಹೇಳ್ತೀನಿ ಅಂದ್ರ, ನೀರು ಕಮ್ಮಿ ಆಗಿ ಸೆನ್ಸರ್ ತುದಿ ಗಾಳ್ಯಾಗ ನಿಂತ್ರ ಮುಳ್ಳು ಕೆಳಗ ತೋರಸ್ತೈತಿ, ಒಳಗ ಹೆಡ್ ಕಾಯ್ತಿರತೈತಿ. ತಣ್ಣಗ ಐತಿ ಅನ್ಕೊಂಡು ಹೊಡದ್ರ ಗ್ಯಾಸ್ಕೆಟ್ ಹೋಗತೈತಿ, ಹೆಡ್ ಸೀಳೂದೂ ಉಂಟು. ಬಿಸಿ ಇದ್ದಾಗ ಮಾತ್ರ ಕ್ಯಾಪ್ ತಗೀಬ್ಯಾಡ್ರಿ, ನೀರು ಮಾರಿಗೇ ಸಿಡೀತೈತಿ.

ಲೆವೆಲ್ ಸರಿ ಇದ್ರ ಅಳತಿ ತಗೋರಿ. ಸ್ಕ್ಯಾನರ್ ಹಚ್ಚಿ ಕೂಲೆಂಟ್ ಟೆಂಪರೇಚರ್ ಓದ್ರಿ. ಜೋಡೀಲೆ ಥರ್ಮೋಸ್ಟಾಟ್ (ನೀರು ಕಾಯೂತನಕ ರೇಡಿಯೇಟರ್ ದಾರಿ ಮುಚ್ಚಿಡೂ ವಾಲ್ವ್) ಹೌಸಿಂಗ್ ಮ್ಯಾಲೆ ಟೆಂಪರೇಚರ್ ಗನ್ ಹಿಡೀರಿ. ಹೊಳಿಯೂ ಅಲ್ಯೂಮಿನಿಯಂ ಮ್ಯಾಲೆ ಹಂಗ ಹಿಡದ್ರ ಗನ್ ಇದ್ದದ್ದಕ್ಕಿಂತ ಭಾಳ ಕಡಿಮಿ ತೋರಸ್ತೈತಿ. ಒಂದು ತುಂಡು ಕರೇ ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮ್ಯಾಲೆ ಹಿಡೀರಿ.

ಎರಡೂ ಕಡೆ 80 ಡಿಗ್ರಿ ದಾಟಿ ಮುಳ್ಳು ಮಾತ್ರ ಕೆಳಗ ಇದ್ರ ಎಂಜಿನ್ನಿನ ತಪ್ಪಿಲ್ಲ, ಗೇಜ್ ಮತ್ತ ವೈರಿಂಗ್ ನೋಡ್ರಿ. ಗನ್ 80 ದಾಟಿ ಸ್ಕ್ಯಾನರ್ ಕಡಿಮಿ ಓದಿದ್ರ ಸೆನ್ಸರ್, ಅದರ ಸಾಕೆಟ್ ನೋಡ್ರಿ. ಈ ಸೆನ್ಸರ್ ತಣ್ಣಗ ಇದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಕಾದಂಗ ಕಮ್ಮಿ. ಅದಕ್ಕ ಸಾಕೆಟ್‌ನ್ಯಾಗ ಕಿಲುಬು ಹತ್ತಿದ್ರ ಎಂಜಿನ್ ತಣ್ಣಗ ಐತಿ ಅಂತನ ಲೆಕ್ಕ ಆಗತೈತಿ. ವೈರ್ ಪೂರ್ತಿ ಕಡದಿದ್ರ ಸ್ಕ್ಯಾನರ್‌ನ್ಯಾಗ ಮೈನಸ್ 40 ಬರೂದು ಸಾಮಾನ್ಯ. ಹಳೇ ಗಾಡಿಗೆ ಸೆನ್ಸರ್ ವೈರ್ ಬಾಡಿಗೆ ತಾಗಿಸಿ ಮುಳ್ಳು ಏರೂದು ನೋಡ್ತಿದ್ವಿ, ಬಿಎಸ್6ಗೆ ಅದು ಬ್ಯಾಡ.

ಎರಡೂ ಕಡೆ 60ರ ಸುತ್ತ ಬಂದ್ರ ಎಂಜಿನ್ ಖರೇನ ತಣ್ಣಗ. ಆಗ ಮರುದಿನ ಮುಂಜಾನೆ, ಆರಿದ ಎಂಜಿನ್ ಚಾಲೂ ಮಾಡಿ, ರೇಡಿಯೇಟರಿಗೆ ಹೋಗೂ ಮ್ಯಾಲಿನ ಹೋಸ್ ಮ್ಯಾಲೆ ಗನ್ ಹಿಡೀರಿ. ಫ್ಯಾನಿನ ಹತ್ರ ಕೈ ಒಯ್ಯಬ್ಯಾಡ್ರಿ. ಥರ್ಮೋಸ್ಟಾಟ್ ಚಲೋ ಇದ್ರ ಎಂಜಿನ್ ಕಾದರೂ ಹೋಸ್ ಭಾಳ ಹೊತ್ತು ತಣ್ಣಗ ಇರತೈತಿ. ವಾಲ್ವ್ ತೆರದ ಕೂಡ್ಲೆ ಬಡಾನ ಕಾಯತೈತಿ. ಎಂಜಿನ್ ಜೋಡಿ ಹೋಸೂ ಮೊದಲಿನಿಂದ ಸಾವಕಾಶ ಕಾಯ್ಕೊಂತ ಬಂದ್ರ ವಾಲ್ವ್ ತೆರದು ಸಿಕ್ಕೊಂಡೈತಿ, ಇಲ್ಲಾ ಅಲ್ಲಿ ವಾಲ್ವೇ ಇಲ್ಲ. ಕೆಲವು ದೊಡ್ಡ ಎಂಜಿನ್ನಿಗೆ ಎರಡು ಇರತಾವ. ಒಂದು ತೆರದು ನಿಂತ್ರೂ ಸಾಕು, ಇದ ಆಟ.

ಬಂಟ್ವಾಳ ಕಡೆಯ ಚಾಲಕರು

ಘಾಟಿ ಇಳಿಯುವಾಗ ಮುಳ್ಳು ಸ್ವಲ್ಪ ಬಿದ್ದದ್ದಕ್ಕೆ ಹೆದರುವುದು ಬೇಡ ಮಾರಾಯ್ರೆ. ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ಇಲ್ಲ, ಉರಿಯೇ ಇಲ್ಲದ ಮೇಲೆ ಬಿಸಿ ಎಲ್ಲಿಂದ ಬರಬೇಕು? ಗುಂಡ್ಯ ಕಳೆದು ನೆಲ್ಯಾಡಿ ಕಡೆ ಬರುವಾಗ ಮುಳ್ಳು ಪುನಃ ಮೊದಲಿನ ಜಾಗಕ್ಕೆ ಬರ್ತದಾ, ಅದನ್ನು ನೋಡಿ. ಬಂದರೆ ಸರಿ. ನಿಮ್ಮದು ಬಯಲಿನಲ್ಲೂ ಏರುವುದಿಲ್ಲ ಅಂದ್ರಲ್ಲ, ಅದು ಬೇರೆ ಸಂಗತಿ.

ಇನ್ನೊಂದು ಹೇಳ್ತೇನೆ, ರೇಡಿಯೇಟರಿಗೆ ರಟ್ಟು ಅಡ್ಡ ಕಟ್ಟುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಹಿಮ ಬೀಳುವ ಊರಿನಲ್ಲಿ ಅದು ನಡೆದೀತು. ನಮ್ಮಲ್ಲಿ ಬಯಲಿಗೆ ಕಟ್ಟಿದ ರಟ್ಟು ಬಿಚ್ಚಲು ಮರೆತು ಲೋಡಿನಲ್ಲಿ ಘಾಟಿ ಹತ್ತಿದರೆ ಎಂಜಿನ್ ಕೂತೇ ಹೋಗ್ತದೆ.

ಹಾಸನದ ಲಾರಿ ಮಾಲೀಕರೊಬ್ಬರು

ಫ್ಯಾನ್ ಕ್ಲಚ್ (ಬೇಕಾದಾಗ ಮಾತ್ರ ಫ್ಯಾನನ್ನ ಜೋರಾಗಿ ತಿರುಗಿಸೋದು) ಜಾಮ್ ಆಗಿರಬಹುದಲ್ವಾ? ನಮ್ಮ ಗಾಡೀಲಿ ಫ್ಯಾನು ಯಾವಾಗ್ಲೂ ಜೋರಾಗಿ ಹೊಡೀತಿತ್ತು, ಡೀಸೆಲ್ಲೂ ಜಾಸ್ತಿ ಕುಡೀತಿತ್ತು. ಕ್ಲಚ್ ಬದಲಾಯಿಸಿದ ಮೇಲೆ ಸರಿ ಹೋಯ್ತು.

ಹುಬ್ಬಳ್ಳಿ ಕಡೆಯ ಡೀಸೆಲ್ ಮೇಸ್ತ್ರಿ

ನೋಡೂದ್ರಾಗ ತಪ್ಪಿಲ್ಲ. ಆರಿದ ಎಂಜಿನ್ ಚಾಲೂ ಮಾಡಿದಾಗ ಫ್ಯಾನು ಸ್ವಲ್ಪ ಹೊತ್ತು ಗದ್ದಲ ಮಾಡಿ ಸುಮ್ಮನಾಗಬೇಕು, ಕ್ಲಚ್ ಒಳಗಿನ ಸಿಲಿಕೋನ್ ಎಣ್ಣಿ ಸರೀತು ಅಂತ ಅರ್ಥ. ಸುಮ್ಮನಾಗದಿದ್ರ ಜಾಮ್. ಡೀಸೆಲ್ ಕುಡಿಯೂದು ಖರೆ, ಫ್ಯಾನ್ ತಿರಗಸಾಕ ಶಕ್ತಿ ಬೇಕಲ್ರಿ. ಆದ್ರ ಬಯಲಿನ್ಯಾಗ, ಲೋಡ್ ಇದ್ದಾಗ, ಬರೇ ಫ್ಯಾನ್ ಜಾಮ್ ಆದದ್ದಕ್ಕ ಎಂಜಿನ್ 60ಕ್ಕ ಇಳಿಯಂಗಿಲ್ಲ. ಫ್ಯಾನು ರೇಡಿಯೇಟರ್‌ನ್ಯಾಗಿನ ನೀರು ಆರಸ್ತೈತಿ, ಆ ನೀರನ್ನ ಎಂಜಿನ್ನಿಗೆ ಎಷ್ಟು ಬಿಡಬೇಕು ಅನ್ನೂದು ಥರ್ಮೋಸ್ಟಾಟ್ ಕೈಯಾಗ ಐತಿ. ಅದು ನೆಟ್ಟಗ ಇದ್ರ ತಾನ ಮುಚ್ಕೊಂಡು ಬಿಸಿ ಹಿಡೀತೈತಿ.

ಬೆಂಗಳೂರಿನಲ್ಲಿ ಲಾರಿ ಸರ್ವೀಸ್ ನೋಡಿಕೊಳ್ಳುವವರು

ಸಾರ್, ನಿಮ್ಮದು ಬಿಎಸ್6 ಆಗಿರೋದ್ರಿಂದ ಇದನ್ನ ಮುಂದಕ್ಕೆ ಹಾಕಬೇಡಿ. ಡಿಪಿಎಫ್‌ನಲ್ಲಿ ಕೂತ ಮಸಿ ಸುಡಬೇಕಾದ್ರೆ ಕೂಲೆಂಟ್ ಒಂದು ಮಟ್ಟಕ್ಕೆ ಕಾದಿರಬೇಕು ಅನ್ನೋ ಷರತ್ತು ಸಾಮಾನ್ಯವಾಗಿ ಇಸಿಯುನಲ್ಲೇ (ಎಂಜಿನ್ ಕಂಪ್ಯೂಟರ್) ಇರುತ್ತೆ. ಎಂಜಿನ್ ಅಲ್ಲಿಗೇ ಬರದಿದ್ರೆ ಮಸಿ ಸುಡೋ ಆ ಕೆಲಸ, ಅಂದ್ರೆ ರೀಜೆನ್, ಶುರುವಾಗಲ್ಲ, ಅಥವಾ ಅರ್ಧಕ್ಕೆ ನಿಲ್ಲುತ್ತೆ. ಲೈಟ್ ಬರ್ತಿರೋದು ಹೆಚ್ಚಾಗಿ ಅದಕ್ಕೇ. ಯಾರೋ ಡಿಪಿಎಫ್ ಕೆಟ್ಟಿದೆ ಅಂದ್ರೆ ಅದಕ್ಕೆ ದುಡ್ಡು ಹಾಕೋ ಮೊದಲು ಎಂಜಿನ್ ಬಿಸಿ ಸರಿ ಮಾಡಿಸಿ.

ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಲೆವೆಲ್ ಕಡಿಮೆ ಆಗೋ ಬದಲು ಏರಿದ್ರೆ, ಡೀಸೆಲ್ ವಾಸನೆ ಬಂದ್ರೆ, ತಣ್ಣನೆ ಸಿಲಿಂಡರ್‌ನಲ್ಲಿ ಪೂರ್ತಿ ಸುಡದ ಡೀಸೆಲ್ ಲೈನರ್ (ಸಿಲಿಂಡರ್ ಒಳಗಿನ ಕೊಳವೆ) ಗೋಡೆ ಹಿಡಿದು ಕೆಳಗಿಳಿದಿದೆ ಅಂತ. ಆಯಿಲ್ ತೆಳುವಾದ್ರೆ ಬೇರಿಂಗ್ ಸವೆಯುತ್ತೆ. ತಣ್ಣನೆ ಗೋಡೆ ಮೇಲೆ ನೀರಿನ ಪಸೆ ಕೂತು, ಆಮ್ಲ ಸೇರಿ ಲೈನರ್ ತಿನ್ನುತ್ತೆ. ಈಗಿನ 10 ಪಿಪಿಎಂ ಗಂಧಕದ ಡೀಸೆಲ್‌ನಿಂದ ಆ ಕಾಟ ಕಡಿಮೆಯಾಗಿದೆ, ಆದ್ರೆ ಆಯಿಲ್ ತೆಳುವಾಗೋದು ತಪ್ಪಲ್ಲ. ತಣ್ಣಗಿರೋದು ಒಳ್ಳೇದು ಅನ್ನೋ ಡ್ರೈವರ್‌ಗೆ ಇದನ್ನ ಕೂರಿಸ್ಕೊಂಡು ಹೇಳಿ, ಅವರೇ ಮುಳ್ಳು ನೋಡೋರು.

ಸ್ಕ್ಯಾನರ್‌ನಲ್ಲಿ ಎಸ್‌ಪಿಎನ್ 110 ಅಂತ ಕೋಡ್ ಇದ್ರೆ ಅದು ಕೂಲೆಂಟ್ ಟೆಂಪರೇಚರಿನದ್ದೇ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕೂಲೆಂಟ್ ಲೆವೆಲ್ ಸರಿ ಇತ್ತು. ಬಯಲಲ್ಲಿ ಸ್ಕ್ಯಾನರ್ 60ರ ಆಸುಪಾಸು ತೋರಿಸಿತು, ಟೇಪ್ ಮೇಲೆ ಗನ್ ಹಿಡಿದರೂ ಹತ್ತಿರ ಹತ್ತಿರ ಅಷ್ಟೇ. ಬೆಳಗ್ಗೆ ಮೇಲಿನ ಹೋಸ್ ಮೊದಲಿನಿಂದಲೇ ಬೆಚ್ಚಗಾಗ್ತಾ ಬಂತು. ಆ ಗ್ಯಾರೇಜಿಗೆ ಫೋನ್ ಮಾಡಿದೆ. "ವಾಲ್ವ್ ತೆಗೆದು ಹಾಕಿದ್ದೀವಿ, ನಮ್ಮ ಬಿಸಿಲಿಗೆ ಅದು ಬೇಡ" ಅಂದರು. ನಮ್ಮ ಕಡೆ ನಿಜವಾಗಲೂ ಬೇಡವಾ? ಹಾಕಿಸಿದರೆ ಮತ್ತೆ ಹೀಟ್ ಆಗುತ್ತಾ ಅನ್ನೋದೇ ಭಯ.

ಹುಬ್ಬಳ್ಳಿ ಕಡೆಯ ಡೀಸೆಲ್ ಮೇಸ್ತ್ರಿ

ಈ ಮಾತು ಕೇಳಿದ್ರ ಹೊಟ್ಟಿ ಉರೀತೈತಿ. ಊರೂರಿಗೆ ಇದ ನಡದೈತಿ: ಗಾಡಿ ಹೀಟ್ ಆತು ಅಂದ್ರ ವಾಲ್ವ್ ಕಿತ್ತು ಒಗಿ. ಹೊರಗ 40 ಡಿಗ್ರಿ ಬಿಸಿಲಿದ್ರೂ ಎಂಜಿನ್ನಿಗೆ ಬೇಕಾದದ್ದು 80ರ ಮ್ಯಾಲೆ. ಬಳ್ಳಾರಿ ಬಿಸಿಲೂ ಅದನ್ನ ಮುಟ್ಟಸಂಗಿಲ್ಲ.

ವಾಲ್ವ್ ಕೆಲಸ ಎರಡು ಐತಿ ಅಣ್ಣಾರ, ಮಂದಿಗೆ ಒಂದ ಗೊತ್ತು. ತಣ್ಣಗ ಇದ್ದಾಗ ರೇಡಿಯೇಟರ್ ದಾರಿ ಮುಚ್ಚತೈತಿ. ಆಗ ನೀರು ಬೈಪಾಸ್ ಹಿಡದು ಎಂಜಿನ್ನಿನ್ಯಾಗ ಸುತ್ತತೈತಿ. ಕಾದಾಗ ಒಳಗಿನ ಮೇಣ ಕರಗಿ ಹಿಗ್ಗಿ ರೇಡಿಯೇಟರ್ ದಾರಿ ತೆರೀತೈತಿ, ಅದ ಹೊತ್ತಿಗೆ ಭಾಳ ಎಂಜಿನ್‌ನ್ಯಾಗ ತಳದ ತಟ್ಟಿ ಬೈಪಾಸ್ ಮುಚ್ಚತೈತಿ, ನೀರೆಲ್ಲಾ ರೇಡಿಯೇಟರಿಗೇ ಹೋಗಲಿ ಅಂತ. ವಾಲ್ವ್ ಕಿತ್ತ್ರ ಎರಡೂ ದಾರಿ ಯಾವಾಗ್ಲೂ ತೆರದ. ಬಯಲಿನ್ಯಾಗ ಬೇಡದಿದ್ರೂ ನೀರು ರೇಡಿಯೇಟರಿಗೆ ಹೋಗಿ ಎಂಜಿನ್ ಆರತೈತಿ. ಲೋಡ್‌ನ್ಯಾಗ ಘಾಟಿ ಹತ್ತುವಾಗ, ಎಲ್ಲಾ ನೀರು ಆರಬೇಕಾದ ಹೊತ್ತಿನ್ಯಾಗ, ಒಂದು ಪಾಲು ಬಿಸಿ ನೀರು ಬೈಪಾಸಿನಿಂದ ತಿರುಗಿ ಎಂಜಿನ್ನಿಗೇ ಬರತೈತಿ. ನಿಮ್ಮ ಮುಳ್ಳು ಬಯಲಿನ್ಯಾಗ ಕೆಳಗ, ಶಿರಾಡಿ ಏರಿನ್ಯಾಗ ನಡು ದಾಟಿ ಮ್ಯಾಲೆ ಹೋಗೂದು ಇದಕ್ಕ. ಹೀಟ್ ಆಗಬಾರದು ಅಂತ ತಗದ ವಾಲ್ವು ಘಾಟಿನ್ಯಾಗ ಹೀಟ್ ಮಾಡಾಕತ್ತೈತಿ.

ನಿಮ್ಮ ಎಂಜಿನ್ ನಂಬರ್ ಹೇಳಿ ಅದಕ್ಕ ಬರೂ ಥರ್ಮೋಸ್ಟಾಟೇ ತಗೋರಿ. ಹಾಕೂಕಿಂತ ಮೊದಲ ಒಂದು ಪಾತ್ರಿ ನೀರಿನ್ಯಾಗ ತೂಗಿ ಬಿಟ್ಟು ಕಾಸ್ರಿ, ತಳಕ್ಕ ತಾಗಬಾರದು, ಥರ್ಮಾಮೀಟರ್ ಇರಲಿ. ಅದರ ಮ್ಯಾಲೆ 82 ಅಂತ ಹೊಡದಿದ್ರ ಅದರ ಆಸುಪಾಸು ತೆರಿಯಾಕ ಶುರು ಆಗಬೇಕು, ನೀರು ಆರಿದ್ರ ಪೂರ್ತಿ ಮುಚ್ಚಬೇಕು. ಸಣ್ಣ ತೂತು ಅಥವಾ ಅಲ್ಲಾಡೂ ಪಿನ್ ಇದ್ರ ಅದು ಮ್ಯಾಲೆ ಬರಂಗ ಕೂಡಿಸ್ರಿ, ನೀರು ತುಂಬುವಾಗ ಗಾಳಿ ಅಲ್ಲಿಂದ ಹೋಗತೈತಿ. ಗ್ಯಾಸ್ಕೆಟ್ ಹೊಸದ ಹಾಕ್ರಿ.

ಬೇಸಿಗ್ಯಾಗ ಯಾಕ ಹೀಟ್ ಆತು ಅನ್ನೂದು ಇನ್ನೂ ಉಳದೈತಿ. ರೇಡಿಯೇಟರ್ ಒಳಗ ಬೋರ್ ನೀರಿನ ಸುಣ್ಣ, ಹೊರಗ ಜೋಳದ ಹೊಟ್ಟು ಮತ್ತ ಮಣ್ಣು, ಸಡಿಲ ಬೆಲ್ಟ್, ಸ್ಪ್ರಿಂಗ್ ಸತ್ತ ಕ್ಯಾಪ್, ಇಷ್ಟು ನೋಡ್ರಿ. ವಾಲ್ವ್ ಹಾಕೂ ದಿನಾನ ರೇಡಿಯೇಟರ್ ಬಿಚ್ಚಿ ತೊಳಸ್ರಿ, ಬೋರ್ ನೀರು ಬಿಟ್ಟು ಕಂಪನಿ ಹೇಳಿದ ಕೂಲೆಂಟ್ ತುಂಬಸ್ರಿ.

ಬೆಂಗಳೂರಿನಲ್ಲಿ ಲಾರಿ ಸರ್ವೀಸ್ ನೋಡಿಕೊಳ್ಳುವವರು

ಮೇಸ್ತ್ರಿಗಳು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ ಸಾರ್. ಇಷ್ಟು ದಿನ ತಣ್ಣಗೆ ಓಡಿದ ಆಯಿಲ್ ಒಳಗಿಟ್ಟುಕೊಂಡು ಲೋಡಿಗೆ ಹೋಗಬೇಡಿ. ವಾಲ್ವ್ ಹಾಕಿಸಿದ ಕೂಡಲೇ ಆಯಿಲ್, ಫಿಲ್ಟರ್ ಬದಲಿಸಿ. ಆಮೇಲೆ ಗಾಡಿ ಸರಿಯಾಗಿ ಕಾದು 80 ದಾಟಿದ ಮೇಲೆ, ಒಣಹುಲ್ಲು, ಕಸ ಇಲ್ಲದ ಬಯಲು ಜಾಗದಲ್ಲಿ ನಿಲ್ಲಿಸಿ ಒಂದು ಸಲ ರೀಜೆನ್ ಪೂರ್ತಿ ಮಾಡಿಸಿ. ಸೈಲೆನ್ಸರ್ ವಿಪರೀತ ಕಾಯುತ್ತೆ, ಯಾರೂ ಹತ್ತಿರ ಇರಬಾರದು.