ಬೆಂಗಳೂರಿಗೆ ಅಂಜಲ್ ಮೀನು ಕಳಿಸಿದ ಅನುಭವ ಇದ್ದವರು ಹೇಳಿ

ಉದ್ಯಾವರದವ: ತಂಗಿಗೆ ಈಗ ಏಳು ತಿಂಗಳು, ಊರಿನ ಅಂಜಲೇ ಬೇಕಂತೆ. 5 ಕೆಜಿ, ರಾತ್ರಿ ಬಸ್ಸಿಗೆ ಹಾಕುವುದು. ಥರ್ಮೊಕೋಲ್ ಬಾಕ್ಸಿಗೆ ಐಸ್ ಸಾಕಾ, ಡ್ರೈ ಐಸೇ ಬೇಕಾ?

ಕಟಪಾಡಿ ಅಣ್ಣ: ಬಸ್ಸನ್ನು ನಂಬಿ ಕೆಟ್ಟವ ನಾನು. ಆಗಸ್ಟಿನಲ್ಲಿ, ಬೋಟು ಇಳಿದ ಮೊದಲ ವಾರ, 12 ಕೆಜಿ. ಬಾಕ್ಸಿಗೆ 180, ಐಸಿಗೆ 60, ಟೇಪಿಗೆ 45, ಲಗೇಜು 400, ಕ್ಲೀನರಿಗೆ ಚಾ ಅಂತ 50. ದೋಣಿಗಾಲ್ ಹತ್ರ ಗುಡ್ಡ ಜರಿದು ಆರು ಗಂಟೆ ನಿಂತಿತು. ಭಾವ ಮುಚ್ಚಳ ತೆಗೆದರೆ ಉಗುರುಬೆಚ್ಚಗಿನ ನೀರಲ್ಲಿ ಮೀನು ತೇಲ್ತಾ ಉಂಟು! ಆ ನೀರು ಯಾರದೋ ಸೂಟ್‌ಕೇಸಿಗೆ ಇಳಿದು, ಸೀರೆ ಡ್ರೈಕ್ಲೀನಿಗೆ 700 ನನ್ನ ತಲೆಗೆ.

ಸುರತ್ಕಲ್‌ನವ: ಡ್ರೈ ಐಸ್ ಆದ್ರೆ ನೀರಿನ ಮಾತೇ ಇಲ್ಲ. ಅದು ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ನೇರ ಗ್ಯಾಸಾಗಿ ಹೋಗ್ತದೆ. ಮಗನಿಗೆ ಎರಡು ವರ್ಷದಿಂದ ಕಳಿಸ್ತೇನೆ, ಒಂದು ತುಂಡು ಹಾಳಾಗಿಲ್ಲ. ಮೊದಲ ಸಲ ಮಾತ್ರ ಸುತ್ತ ಟೇಪು ಬಿಗಿದಿದ್ದೆ. ಒಂದು ಕೆಜಿಯಿಂದ ಸುಮಾರು 500 ಲೀಟರ್ ಗ್ಯಾಸ್ ಏಳ್ತದೆ ಮಾರಾಯ್ರೆ, ಮುಚ್ಚಳ ಹಾರಿ ಬಸಳೆ ಚಪ್ಪರದ ಮೇಲೆ! ಬರಿಗೈಯಲ್ಲಿ ಮುಟ್ಟಿ ಎರಡು ಬೆರಳ ಚರ್ಮ ಎದ್ದದ್ದು ಬೇರೆ.

ಕಟಪಾಡಿ ಅಣ್ಣ: ರೇಟು ಯಾಕೆ ಹೇಳ್ಲಿಲ್ಲ? ಮೂಗಿಗಿಂತ ಮೂಗುತಿ ಭಾರ.

ಸುರತ್ಕಲ್‌ನವ: 12 ಕೆಜಿ ಚರಂಡಿಗೆ ಹಾಕಿದವರು ಲೆಕ್ಕ ಕೇಳ್ತಾರೆ.

ಕುಂದಾಪುರದ ಅಕ್ಕ: ತಂಪು ಹೆಚ್ಚಾದ್ರೂ ಕಷ್ಟವೇ. ಅಮ್ಮನ ಇನ್ಸುಲಿನ್ ಮೈಸೂರಿಗೆ ಕಳಿಸುವಾಗ ಪಾಪ ಅಂತ ಫ್ರೀಜರಿನ ಜೆಲ್ ಪ್ಯಾಕಿಗೆ ತಾಗಿಸಿಯೇ ಇಟ್ಟೆ. ಬೇಕಾದ್ದು 2ರಿಂದ 8 ಡಿಗ್ರಿ. ಗಟ್ಟಿಯಾದ್ರೆ ಮುಗೀತು, ಕರಗಿದ ಮೇಲೂ ಚುಚ್ಚುವ ಹಾಗಿಲ್ಲ. ಆರು ವಯಲ್ ಕಸಕ್ಕೆ. ಈಗ ನಡುವೆ ದಪ್ಪ ಟವೆಲ್ ಸುತ್ತಿಯೇ ಇಡುವುದು.

ಸುರತ್ಕಲ್‌ನವ: ಅಕ್ಕಾ, ಇಲ್ಲಿ ಮೀನಿನ ಮಾತು.

ಕುಂದಾಪುರದ ಅಕ್ಕ: ನಿಮ್ಮ ಬೆರಳಿನ ಕಥೆ ಮೀನಿನದ್ದಾ?

ಮಲ್ಪೆ ದಕ್ಕೆಯವ: ದಕ್ಕೆಯಲ್ಲಿ, ಅಂದ್ರೆ ಬೋಟಿನ ಮೀನು ಇಳಿಸುವ ಕಟ್ಟೆಯಲ್ಲಿ, 22 ವರ್ಷ ಪ್ಯಾಕಿಂಗ್ ಮಾಡಿದವ ನಾನು. ಕಟಪಾಡಿಯವರೇ, ತಪ್ಪು ಐಸಿನದ್ದಲ್ಲ, 60 ರೂಪಾಯಿಯದ್ದು. ಕೆಜಿ ಮೀನಿಗೆ ಕೆಜಿ ಐಸ್, ಅದೂ ಪುಡಿ. ಐಸಿನ ದೊಡ್ಡ ಗಟ್ಟಿಯಾದ್ರೆ ಮೀನಿಗೆ ಸರಿ ತಾಗುವುದೇ ಇಲ್ಲ. ಕರುಳು, ಕಿವಿರು ತೆಗೆದು ಹೊಟ್ಟೆಯೊಳಗೂ ತುಂಬಿಸಿ. ಒಂದು ಸಾಲು ಐಸ್, ಒಂದು ಸಾಲು ಮೀನು, ಮೇಲೆ ಮತ್ತೆ ಐಸ್. ಹೊರಗೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು, ಆಗ ಯಾರ ಸೀರೆಗೂ ನೀರಿಲ್ಲ. ಡ್ರೈ ಐಸಲ್ಲಿ ತುಂಡು ಕಲ್ಲಾಗ್ತದೆ, ಕರಗಿದ ಮೇಲೆ ಹಿಟ್ಟು ಹಿಟ್ಟು. ಅದನ್ನು ತಾಜಾ ಅಂತ ತಿನ್ನುವ ಮಗನಿಗೆ ನಮಸ್ಕಾರ.

ಸುರತ್ಕಲ್‌ನವ: ನಿಮ್ಮ ಮಲ್ಪೆಯದ್ದು ಬೋಟಲ್ಲೇ ಎಂಟು ಹತ್ತು ದಿನ ಐಸಲ್ಲಿ ಬಿದ್ದದ್ದು. ತಾಜಾ ಬೇಕಾದ್ರೆ ಮಂಗಳೂರು ದಕ್ಕೆಗೆ ಬನ್ನಿ.

ಮಲ್ಪೆ ದಕ್ಕೆಯವ: ಮಂಗಳೂರಿನ ಬೋಟು ಎಂತ, ಸಂಜೆ ಹೋಗಿ ಬೆಳಿಗ್ಗೆ ಬರುವುದಾ? ಅಂದಂದೇ ದಡ ಸೇರುವ ನಾಡದೋಣಿಯ ಬಂಗುಡೆ ಮೀನು ತಿಂದವರು ಹೀಗೆ ಮಾತಾಡುವುದಿಲ್ಲ.

ಕಟಪಾಡಿ ಅಣ್ಣ: ಬಂಗುಡೆಯೂ ಈಗ ಕೆಜಿಗೆ ಎಷ್ಟು ಗೊತ್ತುಂಟಾ?

ಉದ್ಯಾವರದವ: ಬಸ್ಸು ಒಂಬತ್ತಕ್ಕೆ. ಐಸಿಗೆ ಉಪ್ಪು ಹಾಕಬೇಕಾ, ಬೇಡ್ವಾ?

ಮಲ್ಪೆ ದಕ್ಕೆಯವ: ಬೇಡ. ಬೇಗ ಕರಗ್ತದೆ.

ಸುರತ್ಕಲ್‌ನವ: ಹಾಕಿ. ತಂಪು ಹೆಚ್ಚು.